ಹಲಗೆ ಹಾದಿಯಿಂದ ಜೌಗು ನೋಡುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ಜೌಗುಭೂಮಿಯ ನಿಸರ್ಗ ಉದ್ಯಾನಗಳಲ್ಲಿ ಗಾಲಿಕುರ್ಚಿ, ಊರುಗೋಲು, ವಾಕರ್ ಬಳಸುವವರಿಗೂ ಒಗ್ಗುವಂತೆ ಹಾಸಿದ ನಡೆದಾರಿಗಳನ್ನು ಕುರಿತು ಈ ಅಂಕಣಕ್ಕೆ ಹಲವು ಪತ್ರಗಳು ಬಂದಿವೆ. ಎಲ್ಲವೂ ಒಂದೇ ವಿಷಯಕ್ಕೆ ಸೇರಿದವಾದ್ದರಿಂದ ಈ ಸಲ ಅವುಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾನು ಕೈಯಿಂದ ತಳ್ಳಿಕೊಂಡು ಸಾಗುವ ಗಾಲಿಕುರ್ಚಿಯನ್ನು ಬಳಸುತ್ತೇನೆ. ಸ್ನೇಹಿತರೊಂದಿಗೆ ಜೌಗುಭೂಮಿಯ ಉದ್ಯಾನವೊಂದಕ್ಕೆ ಹೋಗುವ ಯೋಚನೆಯಿದೆ. ಅವರ ಪ್ರಕಟಣೆಯಲ್ಲಿ ‘ಎಲ್ಲರಿಗೂ ಸುಗಮವಾದ ಹಾದಿ’ ಎಂದಷ್ಟೇ ಇದೆ. ಈ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು? ಹೊರಡುವ ಮೊದಲು ಏನನ್ನು ಕೇಳಿ ತಿಳಿದುಕೊಳ್ಳಬೇಕು?

ಉತ್ತರ: ನಂಬುವುದೂ ಬೇಡ, ತಳ್ಳಿಹಾಕುವುದೂ ಬೇಡ, ಅಳತೆಗಳನ್ನು ಕೇಳಿ. ‘ಸುಗಮ’ ಎಂಬುದು ಹೇಳುವವರ ಕಾಲಿನ ಅಂದಾಜು, ಮತ್ತು ಅದನ್ನು ಹೇಳುವವರು ಬಹುಮಟ್ಟಿಗೆ ಗಟ್ಟಿಮುಟ್ಟಾದ ಕಾಲುಳ್ಳವರೇ ಆಗಿರುತ್ತಾರೆ. ಉದ್ಯಾನದ ಕಚೇರಿಗೆ ದೂರವಾಣಿ ಮಾಡಿದಾಗ ಮೊದಲು ವಿಚಾರಿಸಬೇಕಾದದ್ದು ಏರಿಳಿತವನ್ನು. ಇಪ್ಪತ್ತು ಮೀಟರು ಸಾಗುವಷ್ಟರಲ್ಲಿ ಒಂದು ಮೀಟರಿಗಿಂತ ಹೆಚ್ಚು ಏರದ ಹಾದಿ, ಅಂದರೆ 1:20ರ ಏರು, ತೋಳಿನ ಬಲದಿಂದ ಸಾಗುವವರಿಗೆ ಸಾಮಾನ್ಯವಾಗಿ ನಿಭಾಯಿಸಲು ಆಗುವಂಥದು. ಕಟ್ಟಡಗಳ ರ‍್ಯಾಂಪ್‌ಗಳ ವಿಚಾರದಲ್ಲಿ ಪದೇ ಪದೇ ಕೇಳಿಬರುವ 1:12 ಎಂಬುದು ಮೀರಬಾರದ ಗಡಿಯೇ ಹೊರತು ಆರಾಮದ ಅಳತೆಯಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಭೂಮಿಯಲ್ಲಿರುವ ಕಾಲುಹಾದಿಗಳಿಗಾಗಿ 2013ರಲ್ಲಿ ಜಾರಿಗೆ ಬಂದ ನಿಯಮಗಳು ಇದನ್ನು ಚೆನ್ನಾಗಿ ಬಿಡಿಸಿ ಹೇಳಿವೆ: 1:20ರವರೆಗಿನ ಏರಿಗೆ ಉದ್ದದ ಮಿತಿಯಿಲ್ಲ, 1:12ರವರೆಗಿನದು ಒಂದೇ ಸಮನೆ ಸುಮಾರು 60 ಮೀಟರಿಗಿಂತ ಹೆಚ್ಚು ಮುಂದುವರಿಯಕೂಡದು, 1:10ರದ್ದಾದರೆ ಸುಮಾರು 9 ಮೀಟರು, 1:8ರದ್ದಾದರೆ ಸುಮಾರು 3 ಮೀಟರು ಮಾತ್ರ, ಆಮೇಲೆ ದಣಿವಾರಿಸಿಕೊಳ್ಳಲು ಸಮತಟ್ಟಾದ ಜಾಗ ಇರಲೇಬೇಕು. ಜೌಗುಭೂಮಿ ಸ್ವಭಾವತಃ ಸಪಾಟಾದ ನೆಲವಾದ್ದರಿಂದ ಇಡೀ ಹಾದಿಯಲ್ಲಿ ಕಷ್ಟವಾಗುವ ಸ್ಥಳಗಳು ಕೆಲವೇ ಇರುತ್ತವೆ: ನೆಲದ ದಾರಿ ಹಲಗೆಯನ್ನು ಸೇರುವ ಜಾಗ, ಕಾಲುವೆಯ ಮೇಲಿನ ಕಿರುಸೇತುವೆ, ಹಕ್ಕಿ ನೋಡುವ ಮರೆಕೊಠಡಿಯ ಹೊಸ್ತಿಲು. ಈ ಮೂರನ್ನು ಹೆಸರಿಸಿಯೇ ಕೇಳಿ. ಅಡ್ಡವಾಲಿನ ಬಗ್ಗೆಯೂ ಕೇಳಬೇಕು. ನೀರು ಹರಿದುಹೋಗಲೆಂದು ಹಾದಿಯನ್ನು ಒಂದು ಪಕ್ಕಕ್ಕೆ ವಾಲಿಸಿದ್ದರೆ ಕುರ್ಚಿ ಆ ಕಡೆಗೇ ಎಳೆಯುತ್ತಿರುತ್ತದೆ, ಒಂದು ತೋಳು ಎರಡರ ಕೆಲಸ ಮಾಡಬೇಕಾಗುತ್ತದೆ.

ಇನ್ನು ಅಗಲ. ಒಂದು ಕುರ್ಚಿ ಸಾಗಲು ಕನಿಷ್ಠ 90 ಸೆಂಟಿಮೀಟರು ಬೇಕು, ಪೂರ್ತಿ ತಿರುಗಿಸಲು ಸುಮಾರು 150 ಸೆಂಟಿಮೀಟರಿನ ಜಾಗ ಬೇಕು. ಹಾದಿ ಸುತ್ತಿಬಂದು ಹೊರಟಲ್ಲಿಗೇ ಸೇರುವುದಾದರೆ ತಿರುಗುವ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಕೊನೆಯಲ್ಲಿ ನೀರಿನ ಮುಂದೆ ಮುಗಿದುಹೋಗುವುದಾದರೆ ಅಲ್ಲಿ ತಿರುಗಲು ಸ್ಥಳವಿದೆಯೇ, ನಡುವೆ ಎದುರಾದವರಿಗೆ ದಾರಿ ಬಿಡಲು ಅಗಲಿಸಿದ ಕಟ್ಟೆಗಳಿವೆಯೇ ಎಂದು ತಿಳಿಯದೆ ಹೊರಡಬೇಡಿ. ನೂರು ಮೀಟರು ಹಿಮ್ಮುಖವಾಗಿ ಸಾಗುವುದು ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಹಲಗೆಗಳ ನಡುವಣ ಸಂದುಗಳು ಸುಮಾರು 13 ಮಿಲಿಮೀಟರಿಗಿಂತ ಅಗಲವಾಗಿರಬಾರದು, ಹಲಗೆಗಳು ಸಾಗುವ ದಿಕ್ಕಿಗೆ ಅಡ್ಡವಾಗಿ ಹಾಸಿರಬೇಕು. ಉದ್ದಕ್ಕೆ ಹಾಸಿದ ಹಲಗೆ ನೋಟಕ್ಕೆ ಅಂದವಾದರೂ ಮುಂದಿನ ಚಿಕ್ಕ ಚಕ್ರಗಳು ಸಂದಿನೊಳಗೆ ಇಳಿದು ಹಾಗೆಯೇ ಓಡತೊಡಗುತ್ತವೆ, ಒಮ್ಮೆ ಇಳಿದ ಮೇಲೆ ಒಬ್ಬರೇ ಹೊರಬರುವುದು ಕಠಿಣ. ಅಂಚಿನಲ್ಲಿ ರೇಲಿಂಗ್ ಇಲ್ಲದೆಡೆ ಚಕ್ರ ಜಾರಿಬೀಳದಂತೆ ತಡೆಯುವ ಗಟ್ಟಿಯಾದ ಎತ್ತರದ ಅಂಚುಪಟ್ಟಿ ಇರಬೇಕು. ಮಳೆಯ ಮರುದಿನದ ಸ್ಥಿತಿಯನ್ನು ಬೇರೆಯಾಗಿಯೇ ಕೇಳಿ, ಏಕೆಂದರೆ ನೆರಳಿನಲ್ಲಿರುವ ಮರದ ಹಲಗೆಯ ಮೇಲೆ ಪಾಚಿ ಬಹಳ ಬೇಗ ಹಬ್ಬುತ್ತದೆ. ತಂತಿಬಲೆಯನ್ನೋ ಒರಟು ಮರಳಿನ ಪಟ್ಟಿಯನ್ನೋ ಹೊಡೆದಿದ್ದರೆ ಮಾತ್ರ ಹಿಡಿತ ಸಿಗುತ್ತದೆ.

ಕೊನೆಯದಾಗಿ, ಹಾದಿ ಕಟ್ಟಿಸುವವರೇ ಮರೆಯುವ ಒಂದು ಅಳತೆಯಿದೆ. ಕುಳಿತ ವಯಸ್ಕರ ಕಣ್ಣು ನೆಲದಿಂದ ಸುಮಾರು 110ರಿಂದ 130 ಸೆಂಟಿಮೀಟರು ಎತ್ತರದಲ್ಲಿರುತ್ತದೆ. ನೋಟದ ಕಟ್ಟೆಗಳ ರೇಲಿಂಗ್‌ನ ಮೇಲಂಚು ಅನೇಕ ಕಡೆ 105ರಿಂದ 110 ಸೆಂಟಿಮೀಟರಿನಲ್ಲಿರುತ್ತದೆ. ಎಲ್ಲರೂ ಕೆರೆ ನೋಡುತ್ತಿದ್ದರೆ ಕುರ್ಚಿಯಲ್ಲಿ ಕುಳಿತವರು ಮರದ ದಿಮ್ಮಿ ನೋಡುತ್ತಿರಬೇಕಾಗುತ್ತದೆ. ಆದ್ದರಿಂದಲೇ ಮೇಲೆ ಹೇಳಿದ ಅಮೆರಿಕದ ನಿಯಮಗಳು ನೋಟದ ಕಟ್ಟೆಯ ಒಂದು ಕಡೆಯಲ್ಲಾದರೂ 81ರಿಂದ 130 ಸೆಂಟಿಮೀಟರಿನ ನಡುವೆ ಕಣ್ಣಿಗೆ ಯಾವ ಅಡ್ಡಿಯೂ ಇರಕೂಡದೆಂದು ವಿಧಿಸುತ್ತವೆ. ಇಷ್ಟನ್ನೂ ಒಂದೇ ಕರೆಯಲ್ಲಿ ಕೇಳಲು ಸಂಕೋಚವೆನಿಸಿದರೆ, ಹಾದಿಯ ಮೇಲೆ ಒಬ್ಬರು ನಿಂತಿರುವ ನಾಲ್ಕಾರು ಚಿತ್ರಗಳನ್ನು ಕಳುಹಿಸಿಕೊಡಿ ಎಂದು ಕೋರಿ. ಮನುಷ್ಯನ ಆಕೃತಿ ಪಕ್ಕದಲ್ಲಿದ್ದರೆ ಅಗಲ, ಎತ್ತರ, ಏರು ಮೂರನ್ನೂ ಬಹುಮಟ್ಟಿಗೆ ಊಹಿಸಬಹುದು. ಶೌಚಾಲಯ ಹಾದಿಯ ಯಾವ ತುದಿಯಲ್ಲಿದೆ ಎಂಬುದನ್ನೂ ಅದೇ ಉಸಿರಿನಲ್ಲಿ ಕೇಳಿಬಿಡಿ.

ಪ್ರಶ್ನೆ: ನನ್ನ ತಾಯಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವಿದೆ, ಊರುಗೋಲು ಹಿಡಿದು ನಿಧಾನವಾಗಿ ನಡೆಯುತ್ತಾರೆ. ಎರಡು ಕಿಲೋಮೀಟರು ಉದ್ದದ ಹಲಗೆ ಹಾದಿಯ ಅರ್ಧವನ್ನೂ ಅವರು ಮುಗಿಸಲಾರರು. ಹಾಗಿದ್ದಮೇಲೆ ಕರೆದುಕೊಂಡು ಹೋಗುವುದರಲ್ಲಿ ಅರ್ಥವಿದೆಯೇ?

ಉತ್ತರ: ಖಂಡಿತವಾಗಿಯೂ ಇದೆ. ಹಾದಿಯನ್ನು ಮುಗಿಸಬೇಕೆಂಬುದು ಬೆಟ್ಟ ಹತ್ತುವವರ ಲೆಕ್ಕ. ಜೌಗಿಗೆ ಅದು ಹೊಂದುವುದಿಲ್ಲ. ಇಲ್ಲಿ ತಲುಪಬೇಕಾದ ಶಿಖರವಿಲ್ಲ, ಮೊದಲ ನೂರು ಮೀಟರಿನಲ್ಲಿರುವ ನೀರು, ಜೊಂಡು, ಕೆಸರುಗಳೇ ಹೆಚ್ಚುಕಡಿಮೆ ಕೊನೆಯ ನೂರು ಮೀಟರಿನಲ್ಲಿಯೂ ಇರುತ್ತವೆ, ಮತ್ತು ಅಲ್ಲಿನ ಜೀವಿಗಳು ನಡೆಯುವವರಿಂದ ದೂರ ಸರಿದು, ಕುಳಿತವರ ಹತ್ತಿರಕ್ಕೆ ತಾವಾಗಿ ಬರುತ್ತವೆ. ಅಮೆರಿಕದ ಫ್ಲಾರಿಡಾದ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿರುವ ಅನ್ಹಿಂಗಾ ಹಾದಿಯನ್ನೇ ನೋಡಿ. ಹೋಗಿಬರುವ ದೂರ ಒಂದೂಕಾಲು ಕಿಲೋಮೀಟರಿನ ಆಸುಪಾಸು, ಗಾಲಿಕುರ್ಚಿ ಸಲೀಸಾಗಿ ಸಾಗುತ್ತದೆ, ಆದರೂ ಆ ವಿಶಾಲವಾದ ಉದ್ಯಾನದಲ್ಲಿ ಮೊಸಳೆ ಜಾತಿಯ ಅಲಿಗೇಟರುಗಳನ್ನೂ ನೀರುಹಕ್ಕಿಗಳನ್ನೂ ಹತ್ತಿರದಿಂದ ನೋಡಲು ಅತ್ಯಂತ ಹೆಸರಾದ ಜಾಗಗಳಲ್ಲಿ ಅದೂ ಒಂದು.

ದೂರಕ್ಕಿಂತ ನೀವು ಗಮನಿಸಬೇಕಾದದ್ದು ಬೆಂಚುಗಳನ್ನು. ಎಷ್ಟು ದೂರಕ್ಕೊಂದು ಇವೆ, ಒರಗು ಇದೆಯೇ, ಏಳುವಾಗ ಊರಿಕೊಳ್ಳಲು ಕೈಯಾಸರೆ ಇದೆಯೇ, ಕೂರುವ ಎತ್ತರ ಸುಮಾರು 45 ಸೆಂಟಿಮೀಟರು ಇದೆಯೇ ಎಂಬುದನ್ನು ವಿಚಾರಿಸಿ. ತೀರ ತಗ್ಗಾದ ಬೆಂಚು ಮೊಣಕಾಲು ನೋವಿರುವವರಿಗೆ ಕುಳ್ಳಿರಿಸುವ ಬಲೆಯೇ ಸರಿ. ಸಾಧ್ಯವಾದರೆ ಹಗುರವಾದ ಮಡಚುಕುರ್ಚಿಯೊಂದನ್ನು ನೀವು ಹೊತ್ತುಕೊಂಡು ಹೋಗಿ.

ಇನ್ನು ಒಂದೇ ಕಡೆ ಕುಳಿತು ನೋಡುವುದು ಏನನ್ನು? ರೇಲಿಂಗ್‌ನ ಕೆಳಗಿನಿಂದ ನೀರಂಚಿನ ಜೊಂಡಿನ ಕಾಂಡಗಳನ್ನು ನೋಡಲು ತಾಯಿಯವರಿಗೆ ಹೇಳಿ. ನೀರಿನಿಂದ ಒಂದು ಗೇಣು, ಎರಡು ಗೇಣು ಮೇಲೆ ಕಂದುಬಣ್ಣದ, ಒಣಗಿದ ಹುಳುವಿನಂತಹ ಏನೋ ಒಂದು ಕಾಂಡವನ್ನು ಗಟ್ಟಿಯಾಗಿ ಅವಚಿಕೊಂಡಿರುವುದು ಕಂಡೀತು. ಅದು ಸತ್ತ ಹುಳುವಲ್ಲ, ಏರೋಪ್ಲೇನ್ ಚಿಟ್ಟೆ ಕಳಚಿಹೋದ ಪೊರೆ. ಜಾತಿಗನುಗುಣವಾಗಿ ಕೆಲವು ವಾರಗಳಿಂದ ಕೆಲವು ವರ್ಷಗಳವರೆಗೆ ನೀರಿನಡಿಯಲ್ಲಿ ಬೇಟೆಯಾಡಿಕೊಂಡಿದ್ದ ಮರಿ, ಸಾಮಾನ್ಯವಾಗಿ ರಾತ್ರಿಯ ಹೊತ್ತೋ ನಸುಕಿನಲ್ಲೋ ಕಾಂಡವನ್ನೇರುತ್ತದೆ, ಬೆನ್ನಿನ ಮೇಲ್ಭಾಗ ಬಿರಿಯುತ್ತದೆ, ಅದರೊಳಗಿನಿಂದ ಮುದುಡಿದ ರೆಕ್ಕೆಗಳ ಚಿಟ್ಟೆ ಹೊರಬಂದು, ರೆಕ್ಕೆ ಬಿಡಿಸಿ ಒಣಗಿಸಿಕೊಂಡು ಹಾರಿಹೋಗುತ್ತದೆ. ಪೊರೆಯ ಬೆನ್ನಿನ ಸೀಳಿನಲ್ಲಿ ಬಿಳಿಯ ಎಳೆಗಳು ನೇತಾಡುವುದನ್ನು ಕೂಡ ಕಾಣಬಹುದು. ಅವು ಮರಿಯ ಉಸಿರಾಟದ ನಾಳಗಳ ಒಳಪದರಗಳು, ಪೊರೆಯೊಂದಿಗೆ ಅವೂ ಕಳಚಿಬಂದಿರುತ್ತವೆ. ನಿಂತು ನಡೆಯುವವರ ಕಣ್ಣಿಗೆ ಇದು ಬೀಳುವುದೇ ಅಪರೂಪ, ಏಕೆಂದರೆ ಅವರ ದೃಷ್ಟಿ ದೂರದ ಹಕ್ಕಿಗಳ ಮೇಲಿರುತ್ತದೆ.

ಹಕ್ಕಿಗಳೂ ಬರುತ್ತವೆ. ನೀರಿನಲ್ಲಿ ಮುಳುಗಿ ಮೀನು ಹಿಡಿದ ನೀರುಕಾಗೆ ಕೊರಡಿನ ಮೇಲೆ ಕುಳಿತು ರೆಕ್ಕೆಗಳನ್ನು ಅಗಲಿಸಿ ಬಹಳ ಹೊತ್ತು ಅಲ್ಲಾಡದೆ ಇರುವುದನ್ನು ನೋಡಿ. ಬಾತುಗಳ ಗರಿಗಳ ಹಾಗೆ ಅದರ ಗರಿಗಳು ನೀರನ್ನು ಪೂರ್ತಿ ತಡೆಯುವುದಿಲ್ಲ. ಗರಿಯ ಹೊರಭಾಗ ನೆನೆಯುವುದರಿಂದಲೇ ತೇಲುವ ಗುಣ ತಗ್ಗಿ ಮುಳುಗುವುದು ಸುಲಭವಾಗುತ್ತದೆ, ಅದಕ್ಕೆ ತೆರಬೇಕಾದ ಬೆಲೆ ಈ ಒಣಗಿಸಿಕೊಳ್ಳುವ ಕೆಲಸ. ಮಿಂಚುಳ್ಳಿ ಹಿಡಿದ ಮೀನನ್ನು ಕೊಂಬೆಗೆ ಬಡಿದು, ಆಮೇಲೆ ತಲೆಯ ಕಡೆಯಿಂದ ನುಂಗುತ್ತದೆ, ಮೀನಿನ ಈಜುರೆಕ್ಕೆಯ ಮುಳ್ಳುಗಳು ಗಂಟಲಿಗೆ ಸಿಕ್ಕಿಕೊಳ್ಳಬಾರದೆಂದು. ಇವೆಲ್ಲಕ್ಕೆ ಬೇಕಾದದ್ದು ಮೊಣಕಾಲಲ್ಲ, ಸಮಯ.

ಪ್ರಶ್ನೆ: ನನಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ಹಕ್ಕಿ, ಹೂವು, ನೀರು ಎಂದು ಎಲ್ಲರೂ ನೋಟದ ಬಗ್ಗೆಯೇ ಮಾತನಾಡುತ್ತಾರೆ. ಜೌಗುಭೂಮಿಯಲ್ಲಿ ನನಗೆ ಏನಿದೆ?

ಉತ್ತರ: ಕಿವಿಗೆ ಇಷ್ಟು ಸಮೃದ್ಧವಾದ ನಿಸರ್ಗತಾಣಗಳು ಹೆಚ್ಚಿಲ್ಲ. ಎತ್ತರವಾಗಿ ಒತ್ತಾಗಿ ಬೆಳೆದ ಜೊಂಡಿನೊಳಗೆ ಹಕ್ಕಿಗಳೇ ಒಂದನ್ನೊಂದು ಕಾಣಲಾರವು, ಆದ್ದರಿಂದ ಅಲ್ಲಿ ವಾಸಿಸುವವು ದನಿಯನ್ನೇ ನೆಚ್ಚಿಕೊಂಡಿವೆ. ಅನುಭವಿಗಳಾದ ಪಕ್ಷಿವೀಕ್ಷಕರೂ ಜೊಂಡಿನ ಹಕ್ಕಿಗಳನ್ನು ಗುರುತಿಸುವುದು ಬಹುತೇಕ ಕಿವಿಯಿಂದ. ನಾಮದ ಕೋಳಿ ಹಾರಲು ಹೊರಟಾಗ ನೀರಿನ ಮೇಲೆ ಬಹುದೂರ ಓಡುತ್ತದೆ, ಆ ಪಟಪಟ ಸದ್ದು ಎಡದಿಂದ ಬಲಕ್ಕೆ ಸರಿದು ಒಮ್ಮೆಲೇ ನಿಂತರೆ ಹಕ್ಕಿ ಗಾಳಿಗೇರಿತೆಂದು ಅರ್ಥ. ಕಪ್ಪೆಗಳ ಮೇಳ ನೀವು ಹತ್ತಿರವಾದೊಡನೆ ತಣ್ಣಗಾಗುತ್ತದೆ. ಅಲ್ಲಿಯೇ ಅಲುಗಾಡದೆ ನಿಂತರೆ ಕೆಲವು ನಿಮಿಷಗಳಲ್ಲಿ ಮೊದಲು ಒಂದು ಗಂಡು ದನಿಯೆತ್ತುತ್ತದೆ, ಅದರ ಬೆನ್ನಿಗೆ ಮತ್ತೊಂದು, ಆಮೇಲೆ ಇಡೀ ದಂಡೆ. ಆ ದಂಡೆ ಎಷ್ಟು ಉದ್ದವಿದೆ, ನೀರು ಎಲ್ಲಿ ಬಾಗುತ್ತದೆ ಎಂಬುದನ್ನು ಆ ಮೇಳದಿಂದಲೇ ಅಳೆಯಬಹುದು.

ವಾಸನೆಯೂ ದಾರಿ ಹೇಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದೆಡೆ ಕೆಸರಿನಲ್ಲಿ ಆಮ್ಲಜನಕ ಮುಗಿದಿದೆ, ಗಂಧಕದ ಸಂಯುಕ್ತಗಳನ್ನು ಬಳಸಿ ಬದುಕುವ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಬಿಡುತ್ತಿವೆ ಎಂದು ತಿಳಿಯಬಹುದು. ಉಪ್ಪುನೀರಿನ ಜೌಗಿನಲ್ಲಿ ಸಲ್ಫೇಟ್ ಹೇರಳವಾಗಿರುವುದರಿಂದ ಈ ವಾಸನೆ ಹೆಚ್ಚು. ಅದು ಕೊಳಕಿನ ಗುರುತಲ್ಲ. ಆರೋಗ್ಯವಾದ ಜೌಗೂ ಹೀಗೆಯೇ ನಾರುತ್ತದೆ.

ಕಾಲಡಿಯ ಹಾದಿಯೂ ಸುಮ್ಮನಿರುವುದಿಲ್ಲ. ಗಟ್ಟಿನೆಲದ ಮೇಲೆ ಮಂದವಾಗಿದ್ದ ಹೆಜ್ಜೆಯ ಸದ್ದು ಹಲಗೆ ನೀರಿನ ಮೇಲೆ ಬಂದೊಡನೆ ಟೊಳ್ಳಾಗುತ್ತದೆ. ಬಿಳಿಕೋಲಿನ ಮೊನೆ ಹಲಗೆಯ ಸಂದುಗಳಿಗೆ ಸಿಕ್ಕಿಬೀಳುವ ತೊಂದರೆಯಿದೆ, ಆದ್ದರಿಂದ ಉರುಳುವ ಗುಂಡು ಮೊನೆಯ ಕೋಲನ್ನು ಬಳಸುವುದು ಲೇಸು. ಅಂಚುಪಟ್ಟಿ ಹಾದಿಯ ಉದ್ದಕ್ಕೂ ತುಂಡಾಗದೆ ಸಾಗಿದ್ದರೆ ಕೋಲಿಗೆ ಅದೇ ಆಧಾರ. ಉಬ್ಬುಚಿತ್ರದ ನಕ್ಷೆ, ಬ್ರೈಲ್ ಫಲಕ, ಧ್ವನಿ ವಿವರಣೆ ಇವೆಯೇ ಎಂದು ಮೊದಲೇ ವಿಚಾರಿಸಿ. ಜೊತೆಗೆ ಬರುವ ಮಾರ್ಗದರ್ಶಿಯನ್ನು ಮುಟ್ಟಿ ತಿಳಿಯಬಹುದಾದ ಗಿಡಗಳನ್ನು ತೋರಿಸುವಂತೆ ಕೇಳಿ: ಜೇಕಿನ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಏಣುಗಳು ಸಿಗುತ್ತವೆ, ಹುಲ್ಲಿನ ಕಾಂಡ ಉರುಟಾಗಿದ್ದು ಗೆಣ್ಣುಗಳಿರುತ್ತವೆ, ಜೊಂಡಿನ ಮಾಗಿದ ತೆನೆ ಮಕಮಲ್ಲಿನ ಹಾಗಿರುತ್ತದೆ. ಜೇಕಿನ ಎಲೆಯಂಚನ್ನು ಮಾತ್ರ ಸವರಬೇಡಿ, ಬೆರಳು ಕೊಯ್ಯುತ್ತದೆ.

ಪ್ರಶ್ನೆ: ಗಾಲಿಕುರ್ಚಿಯ ನೆಪದಲ್ಲಿ ಸೂಕ್ಷ್ಮವಾದ ಜೌಗುಗಳ ಒಳಗೆಲ್ಲ ಹಲಗೆ, ಕಾಂಕ್ರೀಟು ಹಾಸುತ್ತ ಹೋದರೆ ಅಲ್ಲಿನ ಜೀವಿಗಳ ಗತಿಯೇನು? ಕೆಲವು ಜಾಗಗಳನ್ನಾದರೂ ಹಾದಿಯಿಲ್ಲದೆ ಬಿಡಬಾರದೇ?

ಉತ್ತರ: ಬಿಡಬೇಕು. ಆದರೆ ‘ನೆಪ’ ಎಂಬ ನಿಮ್ಮ ಮಾತನ್ನು ಒಪ್ಪಲಾರೆ. 1970ರಿಂದ 2015ರ ನಡುವೆ ಜಗತ್ತಿನ ಜೌಗುಭೂಮಿಗಳಲ್ಲಿ ಸುಮಾರು ಶೇಕಡ 35ರಷ್ಟು ನಾಶವಾದವೆಂದು 2018ರಲ್ಲಿ ಹೊರಬಂದ ಜಾಗತಿಕ ವರದಿ ತಿಳಿಸಿತು. ಅದಕ್ಕೆ ಕಾರಣಗಳನ್ನು ಹುಡುಕಿದರೆ ನೀರು ಬಸಿದು ಮಾಡಿದ ಹೊಲಗಳು, ಮಣ್ಣು ತುಂಬಿ ಕಟ್ಟಿದ ಬಡಾವಣೆಗಳು, ಬೇರೆಡೆಗೆ ತಿರುಗಿಸಿದ ನದಿಗಳು, ಮಾಲಿನ್ಯ ಸಿಗುತ್ತವೆ. ಒಂದೂವರೆ ಮೀಟರು ಅಗಲದ ನಡೆದಾರಿ ಆ ಪಟ್ಟಿಯಲ್ಲಿ ಎದ್ದು ಕಾಣುವುದಿಲ್ಲ.

ಹಾದಿಯಿಂದ ಹಾನಿಯೇ ಇಲ್ಲವೆಂದಲ್ಲ. ಮಣ್ಣು ಸುರಿದು ಏರಿಯ ಹಾಗೆ ಎತ್ತರಿಸಿದ ಹಾದಿ ನೀರಿನ ಹರಿವಿಗೆ ಅಡ್ಡಗಟ್ಟೆಯಾಗಿ, ಒಂದು ಪಕ್ಕವನ್ನು ಒಣಗಿಸಿ ಇನ್ನೊಂದನ್ನು ಮುಳುಗಿಸಬಹುದು. ಅದೇ ಹಾದಿಯನ್ನು ಕಂಬಗಳ ಮೇಲೆ ನಿಲ್ಲಿಸಿದರೆ ಅಡಿಯಲ್ಲಿ ನೀರೂ ಮೀನೂ ಕಪ್ಪೆಯೂ ಓಡಾಡುತ್ತವೆ. ಸಾಕಷ್ಟು ಎತ್ತರವಿದ್ದು ಸಂದುಗಳಿದ್ದರೆ ಅಡಿಯ ಗಿಡಗಳಿಗೆ ತುಸು ಬೆಳಕೂ ಸಿಗುತ್ತದೆ. ತಿರುಪಿನಾಕಾರದ ಉಕ್ಕಿನ ಕಂಬಗಳನ್ನು ಅಗೆಯದೆಯೇ ಕೆಸರಿಗೆ ತಿರುಗಿಸಿ ಇಳಿಸಬಹುದು. ಮರ ಕೊಳೆಯದಿರಲೆಂದು ಹಿಂದೆ ಹೆಚ್ಚಾಗಿ ಬಳಸುತ್ತಿದ್ದ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮಿಶ್ರಣದ ಲೇಪ ನೀರಿಗೆ ಸೋರುತ್ತದೆ, ಹೊಸ ಹಾದಿಗಳಲ್ಲಿ ಅದನ್ನು ದೂರವಿಡಬೇಕು. ಗೂಡುಕಟ್ಟುವ ಕಾಲದಲ್ಲಿ ಹಾದಿಯ ಒಂದು ಭಾಗವನ್ನು ಮುಚ್ಚಿಡುವುದು ಅನೇಕ ಕಡೆ ರೂಢಿಯಲ್ಲಿದೆ, ಅದನ್ನು ಗೊಣಗದೆ ಒಪ್ಪಿಕೊಳ್ಳಬೇಕಾದವರು ನಾವು. ಇಷ್ಟಾದ ಮೇಲೆ, ಹಾದಿಯೇ ಇಲ್ಲದ ಜೌಗಿನ ಅಂಚಿನಲ್ಲಿ ಕುತೂಹಲಿಗಳು ತುಳಿದು ಮಾಡಿಕೊಳ್ಳುವ ಹತ್ತು ಕಾಲುದಾರಿಗಳಿಗಿಂತ ಜನರನ್ನು ಒಂದೇ ಗೆರೆಯಲ್ಲಿ ನಡೆಸುವ ಹಲಗೆ ಹಾದಿ ಕಡಿಮೆ ನೆಲವನ್ನು ತುಳಿಯುತ್ತದೆಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಯಾವ ಜೌಗಿಗೆ ಹಾದಿ ಎಂಬುದೇ ನಿಜವಾದ ಪ್ರಶ್ನೆ. ಇರಾನಿನ ರಾಮ್ಸಾರ್ ಪಟ್ಟಣದಲ್ಲಿ 1971ರ ಫೆಬ್ರುವರಿ 2ರಂದು ಸಹಿಯಾದ ಒಪ್ಪಂದ ಜೌಗುಭೂಮಿಯ ವ್ಯಾಖ್ಯೆಯನ್ನು ಬಹಳ ವಿಸ್ತಾರವಾಗಿ ಇಟ್ಟಿದೆ. ನೈಸರ್ಗಿಕವೋ ಮಾನವನಿರ್ಮಿತವೋ, ಶಾಶ್ವತವೋ ತಾತ್ಕಾಲಿಕವೋ, ಸಿಹಿನೀರೋ ಉಪ್ಪುನೀರೋ, ಇಳಿತದ ವೇಳೆ ಆರು ಮೀಟರಿಗಿಂತ ಆಳವಿಲ್ಲದ ಕಡಲಂಚೂ ಸೇರಿದಂತೆ ಎಲ್ಲವೂ ಅದರಲ್ಲಿ ಬರುತ್ತದೆ. ಮನುಷ್ಯರೇ ರೂಪಿಸಿದ ಜೌಗುಗಳಲ್ಲಿ ಸಂದರ್ಶಕರಿಗೆ ಧಾರಾಳವಾಗಿ ಜಾಗ ಕೊಡುವುದು ಜಾಣತನ. ಬಳಕೆ ತಪ್ಪಿದ ನಾಲ್ಕು ಹಳೆಯ ಜಲಾಶಯಗಳ ಜಾಗದಲ್ಲಿ 2000ದಲ್ಲಿ ತೆರೆದ ಲಂಡನ್ನಿನ ಜೌಗುಭೂಮಿ ಕೇಂದ್ರ, ಹೊಸ ಪಟ್ಟಣವೊಂದರ ನಿರ್ಮಾಣದಿಂದಾದ ನಷ್ಟಕ್ಕೆ ಪರಿಹಾರವಾಗಿ ರೂಪುಗೊಂಡು 2006ರಲ್ಲಿ ತೆರೆದ ಹಾಂಗ್‌ಕಾಂಗ್ ಜೌಗುಭೂಮಿ ಉದ್ಯಾನ, ಇವೆರಡೂ ನಗರದ ಮಗ್ಗುಲಲ್ಲೇ ಇವೆ. ಹಾಗೆಯೇ, ಅಪರೂಪದ ಹಕ್ಕಿಗಳು ಮೊಟ್ಟೆಯಿಡುವ ಒಳಜೌಗಿಗೆ ಯಾರೂ ಹೋಗದಿರುವುದೇ ಸರಿ, ಆ ‘ಯಾರೂ’ ಎಂಬುದರಲ್ಲಿ ಗಟ್ಟಿಕಾಲಿನವರೂ ಸೇರಿರಬೇಕು. ನಡೆಯಬಲ್ಲವರಿಗೆ ತೆರೆದಿಟ್ಟು, ಕುರ್ಚಿಯವರು ಕೇಳಿದಾಗ ಮಾತ್ರ ಪರಿಸರದ ನೆನಪಾಗುವುದು ನ್ಯಾಯವಲ್ಲ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆಯ 30ನೆಯ ವಿಧಿ ವಿರಾಮ, ಮನರಂಜನೆ, ಪ್ರವಾಸಗಳನ್ನೂ ಸಮಾನವಾದ ಹಕ್ಕಿನ ವ್ಯಾಪ್ತಿಗೆ ತಂದಿದೆ.

ಪ್ರಶ್ನೆ: ಯಾವ ಹೊತ್ತಿಗೆ ಹೋದರೆ ಹೆಚ್ಚು ಕಾಣಸಿಗುತ್ತದೆ?

ಉತ್ತರ: ಸೂರ್ಯೋದಯದ ನಂತರದ ಎರಡು ಗಂಟೆ, ಸೂರ್ಯಾಸ್ತಕ್ಕೆ ಮುಂಚಿನ ಎರಡು ಗಂಟೆ. ಕಡಲಂಚಿನ ಜೌಗಾದರೆ ಗಡಿಯಾರದ ಬದಲು ಉಬ್ಬರದ ವೇಳಾಪಟ್ಟಿಯನ್ನು ನೋಡಿ. ಇಳಿತದಲ್ಲಿ ಕೆಸರು ಕೆದಕುತ್ತ ದೂರ ಚದುರಿಹೋಗಿರುವ ಉದ್ದಗಾಲಿನ ಹಕ್ಕಿಗಳನ್ನು ಏರುವ ನೀರು ದಡದ ಕಡೆಗೆ ತಳ್ಳುತ್ತದೆ. ಬೆಳಗಿನ ಇಬ್ಬನಿಗೆ ಹಲಗೆ ಜಾರುವುದುಂಟು, ಊರುಗೋಲಿನವರು ಬಿಸಿಲೇರುವವರೆಗೆ ಕಾಯುವುದು ಒಳ್ಳೆಯದು.

ಪ್ರಶ್ನೆ: ನನ್ನದು ಬ್ಯಾಟರಿ ಚಾಲಿತ ಗಾಲಿಕುರ್ಚಿ. ವಿಶೇಷವಾಗಿ ಗಮನಿಸಬೇಕಾದದ್ದು ಇದೆಯೇ?

ಉತ್ತರ: ತೂಕವನ್ನು ಗಮನಿಸಿ. ಇಂತಹ ಕುರ್ಚಿಗಳಲ್ಲಿ ಅನೇಕವು ಕುಳಿತವರನ್ನು ಬಿಟ್ಟೇ ನೂರು ಕಿಲೋಗ್ರಾಂ ಮೀರುತ್ತವೆ, ಹಳೆಯ ಹಲಗೆ ಹಾದಿ ಅಥವಾ ತೇಲುವ ಕಟ್ಟೆ ಎಷ್ಟು ಭಾರ ತಡೆಯುತ್ತದೆಂದು ಕೇಳದೆ ಏರಿಸಬೇಡಿ. ತಯಾರಕರು ಹೇಳುವ ದೂರ ಗಟ್ಟಿಯಾದ ಸಮತಟ್ಟು ನೆಲದ್ದು. ಮೆದು ಜಲ್ಲಿಯ ಮೇಲೆ ಬ್ಯಾಟರಿ ಬಹಳ ಬೇಗ ಇಳಿಯುತ್ತದೆ, ಆದ್ದರಿಂದ ಅರ್ಧ ಖರ್ಚಾಗುವ ಮುನ್ನವೇ ಹಿಂದಿರುಗಿ. ಮಳೆಯ ಸೂಚನೆಯಿದ್ದರೆ ಜಾಯ್‌ಸ್ಟಿಕ್‌ಗೆ ಪ್ಲಾಸ್ಟಿಕ್ ಹೊದಿಕೆ ಸಾಕು. ಹಾದಿಯಂಚಿನ ಕೆಸರಿಗೆ ಚಕ್ರ ಇಳಿದರೆ ಮೋಟಾರನ್ನು ಮತ್ತೆ ಮತ್ತೆ ತಿರುಗಿಸಿದಷ್ಟೂ ಅದು ಹೂತುಹೋಗುತ್ತದೆ. ನಿಲ್ಲಿಸಿ, ಬಂದ ದಿಕ್ಕಿಗೇ ನಿಧಾನವಾಗಿ ಹಿಂದೆ ಎಳೆಸಿಕೊಳ್ಳಿ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ತರಗತಿಯಲ್ಲಿ ವಾಕರ್ ಬಳಸುವ ಒಬ್ಬ ಬಾಲಕನಿದ್ದಾನೆ. ಮಕ್ಕಳನ್ನು ಜೌಗುಭೂಮಿಗೆ ಕರೆದೊಯ್ಯುವಾಗ ಅವನಿಗಾಗಿ ಬೇರೆ ಏರ್ಪಾಡು ಮಾಡಬೇಕೇ?

ಉತ್ತರ: ಬೇರೆ ಏರ್ಪಾಡು ಬೇಡ, ಇಡೀ ತರಗತಿಯನ್ನು ಅವನು ಸಾಗಬಲ್ಲ ಹಾದಿಯಲ್ಲಿಯೇ ಕರೆದೊಯ್ಯಿರಿ. ಉಳಿದವರು ಗೋಪುರ ಹತ್ತಿ ಬರುವವರೆಗೆ ಅವನು ಕೆಳಗೆ ಸಹಾಯಕರೊಬ್ಬರೊಂದಿಗೆ ಕಾಯುತ್ತಿರುವುದು ನಮ್ಮ ಶಾಲಾ ಪ್ರವಾಸಗಳಲ್ಲಿ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ ಅದು ತಪ್ಪೆಂದು ಯಾರಿಗೂ ತೋರುವುದಿಲ್ಲ. ಗೋಪುರವನ್ನು ಕೈಬಿಟ್ಟು ಆ ಸಮಯವನ್ನು ನೀರಿನ ಜೀವಿಗಳಿಗೆ ಕೊಡಿ.

ಹಲವು ಉದ್ಯಾನಗಳಲ್ಲಿ ನೀರಿಗೆ ಹತ್ತಿರವಾಗಿ ಕಟ್ಟಿದ ತಗ್ಗಾದ ಕಟ್ಟೆಯಿರುತ್ತದೆ, ಅಲ್ಲಿ ಸಿಬ್ಬಂದಿಯ ಅನುಮತಿಯಿಂದ ಸಣ್ಣ ಬಲೆಯಲ್ಲಿ ನೀರು ಜಾಲಿಸಿ ಬಿಳಿಯ ತಟ್ಟೆಗೆ ಸುರಿಯಬಹುದು. ತಟ್ಟೆಯನ್ನು ನೆಲದ ಮೇಲಿಡದೆ ಮೇಜಿನ ಮೇಲಿಡಿ, ಆಗ ಬಾಲಕ ಬಗ್ಗಬೇಕಾಗಿಲ್ಲ. ಕೆಸರು ತಿಳಿಯಾಗುವವರೆಗೆ ತಟ್ಟೆ ಖಾಲಿಯೆಂದೇ ಮಕ್ಕಳು ದೂರುತ್ತಾರೆ. ತಿಳಿಯಾದ ಮೇಲೆ ಮೂಲೆಯ ಕಸದ ಚೂರೊಂದು ಇದ್ದಕ್ಕಿದ್ದಂತೆ ಮುಂದಕ್ಕೆ ಚಿಮ್ಮುತ್ತದೆ. ಅದು ಏರೋಪ್ಲೇನ್ ಚಿಟ್ಟೆಯ ಮರಿ. ಹಿಂಭಾಗದಿಂದ ಒಳಗೆಳೆದುಕೊಂಡ ನೀರಿನಿಂದ ಉಸಿರಾಡಿ, ಬೇಕಾದಾಗ ಅದೇ ನೀರನ್ನು ರಭಸದಿಂದ ಹೊರಚಿಮ್ಮಿ ಜೆಟ್ ವಿಮಾನದ ಮಾದರಿಯಲ್ಲಿ ಮುನ್ನುಗ್ಗುತ್ತದೆ. ಅದರ ಕೆಳದುಟಿ ತಲೆಯಡಿಯಲ್ಲಿ ಮಡಚಿಕೊಂಡಿರುತ್ತದೆ, ಬೇಟೆ ಎಟುಕಿಗೆ ಬಂದಾಗ ಕಣ್ಣು ಮಿಟುಕಿಸುವುದರೊಳಗೆ ಚಾಚಿಕೊಂಡು ತುದಿಯ ಕೊಕ್ಕೆಗಳಿಂದ ಹಿಡಿಯುತ್ತದೆ. ಸೊಳ್ಳೆಯ ಮರಿಗಳಿದ್ದರೆ ಅವು ತಲೆಕೆಳಗಾಗಿ ತೂಗುತ್ತ ಬಾಲದ ಕಡೆಯ ನಳಿಕೆಯಿಂದ ನೀರಿನ ಮೇಲ್ಮೈಯಲ್ಲಿ ಉಸಿರಾಡುವುದೂ ಕಾಣುತ್ತದೆ. ಎರಡನ್ನೂ ಒಂದೇ ತಟ್ಟೆಯಲ್ಲಿ ಬಿಟ್ಟರೆ ಯಾರು ಯಾರನ್ನು ತಿನ್ನುತ್ತಾರೆಂದು ನೀವು ಪಾಠ ಮಾಡಬೇಕಾಗಿಯೇ ಇಲ್ಲ. ಕಿತ್ತುಬಿದ್ದ ತಾವರೆಯ ದಂಟು ಸಿಕ್ಕರೆ ಅಡ್ಡಕ್ಕೆ ಮುರಿದು ತೋರಿಸಿ, ಒಳಗಿನ ತೂತುಗಳು ಕೆಸರಿನಲ್ಲಿ ಹುದುಗಿರುವ ಬೇರುಗಳಿಗೆ ಗಾಳಿಯನ್ನೊಯ್ಯುವ ಕೊಳವೆಗಳು. ನೋಡಿದ ಮೇಲೆ ತಟ್ಟೆಯ ನೀರನ್ನು ಬಿಸಿಯಾಗುವ ಮೊದಲೇ, ತೆಗೆದ ಜಾಗಕ್ಕೇ ಮೆಲ್ಲಗೆ ಸುರಿಸಿ.

ಪ್ರಶ್ನೆ: ನನ್ನ ಕೈ ನಡುಗುತ್ತದೆ. ದುರ್ಬೀನು ಹಿಡಿದರೆ ಹಕ್ಕಿಗಳು ಕುಣಿಯುತ್ತವೆ. ಏನಾದರೂ ಉಪಾಯವಿದೆಯೇ?

ಉತ್ತರ: ಹೆಚ್ಚು ವರ್ಧನೆಯ ದುರ್ಬೀನು ಹೆಚ್ಚು ಒಳ್ಳೆಯದೆಂಬ ನಂಬಿಕೆಯನ್ನು ಬಿಡಿ, ಹಕ್ಕಿಯನ್ನು ಹತ್ತು ಪಟ್ಟು ಹಿಗ್ಗಿಸುವ ಮಸೂರ ನಡುಕವನ್ನೂ ಹತ್ತು ಪಟ್ಟು ಹಿಗ್ಗಿಸುತ್ತದೆ. 8x42 ಅಳತೆಯದು, ಅಂದರೆ ಎಂಟು ಪಟ್ಟು ವರ್ಧನೆ ಮತ್ತು 42 ಮಿಲಿಮೀಟರಿನ ಮುಂಭಾಗದ ಮಸೂರವುಳ್ಳದ್ದು, ಜೌಗಿಗೆ ಚೆನ್ನಾಗಿ ಒಪ್ಪುತ್ತದೆ. ನಡುಕ ಹೆಚ್ಚಿದ್ದರೆ ಆರು ಪಟ್ಟಿನದೂ ಸಾಕು. ಕನ್ನಡಕ ಹಾಕುವವರಾದರೆ ಕಣ್ಣು ಮತ್ತು ಮಸೂರದ ನಡುವೆ 15 ಮಿಲಿಮೀಟರಿಗಿಂತ ಹೆಚ್ಚು ಅಂತರವಿದ್ದರೂ ಪೂರ್ತಿ ಚಿತ್ರ ಕಾಣುವಂಥದನ್ನು ಕೇಳಿ ಆರಿಸಿ. ಮೊಣಕೈಗಳನ್ನು ರೇಲಿಂಗ್‌ನ ಮೇಲೋ ಕುರ್ಚಿಯ ತೋಳಿನ ಮೇಲೋ ಊರಿಕೊಂಡರೆ ಅರ್ಧ ನಡುಕ ಇಳಿಯುತ್ತದೆ. ಛಾಯಾಗ್ರಾಹಕರು ಬಳಸುವ ಒಂಟಿಕಾಲಿನ ಆಸರೆಗೋಲಿಗೆ ದುರ್ಬೀನನ್ನು ಕೂರಿಸುವ ಜೋಡಣೆ ಸಿಗುತ್ತದೆ, ಕುಳಿತಲ್ಲಿಂದಲೇ ಅದರ ತುದಿಯನ್ನು ಪಾದಗಳ ನಡುವೆ ಊರಬಹುದು. ಉದ್ಯಾನದವರೇ ಇಟ್ಟಿರುವ ದೂರದರ್ಶಕವಿದ್ದರೆ, ನೋಡುವ ಕೊಳವೆ ಓರೆಯಾಗಿ ಮೇಲ್ಮುಖವಾಗಿರುವುದನ್ನು ಕೇಳಿ ಪಡೆಯಿರಿ. ಅದನ್ನು ತಗ್ಗಿಸಿಟ್ಟರೆ ಕುಳಿತವರೂ ನಿಂತವರೂ ಒಂದೇ ಎತ್ತರದಿಂದ ಸರದಿಯಲ್ಲಿ ನೋಡಬಹುದು, ನಿಂತವರು ತುಸು ಬಗ್ಗಬೇಕಾದೀತು ಅಷ್ಟೆ.